ಕೆಂಪು ಕಲ್ಲು, ಸಿಹಿ ನೀರು: ಬೀದರ್ ನೋಡುವ ಬಗೆ

ಕರ್ನಾಟಕದ ಉತ್ತರ ತುದಿಯಲ್ಲಿ, ತೆಲಂಗಾಣ ಮತ್ತು ಮಹಾರಾಷ್ಟ್ರಗಳ ಗಡಿಗೆ ಹತ್ತಿಕೊಂಡಿರುವ ಬೀದರ್ ಗದ್ದಲವಿಲ್ಲದ ಸಣ್ಣ ನಗರ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಎರಡು ಲಕ್ಷಕ್ಕಿಂತ ತುಸು ಹೆಚ್ಚು. ಬೆಂಗಳೂರಿನಿಂದ ಸುಮಾರು 700 ಕಿ.ಮೀ. ದೂರದ ಈ ಊರು ಹೈದರಾಬಾದಿಗೆ 140 ಕಿ.ಮೀ. ಆಸುಪಾಸಿನಲ್ಲಿದೆ. ಹಂಪಿ, ಬಾದಾಮಿ, ವಿಜಯಪುರಗಳಿಗೆ ಹೋಗಿಬರುವ ಕನ್ನಡಿಗರಲ್ಲಿ ಬೀದರಿನವರೆಗೆ ಹೋಗುವವರು ಕಡಿಮೆ. ಆದರೆ ಹದಿನೈದನೆಯ ಶತಮಾನದಲ್ಲಿ ಅರಬ್ಬಿ ಸಮುದ್ರದಿಂದ ಬಂಗಾಳ ಕೊಲ್ಲಿಯವರೆಗೆ ಚಾಚಿದ್ದ ಬಹಮನಿ ರಾಜ್ಯದ ರಾಜಧಾನಿ ಇದೇ ಆಗಿತ್ತು. ಪರ್ಷಿಯಾದ ವಿದ್ವಾಂಸರು, ಕುಶಲಕರ್ಮಿಗಳು, ಕುದುರೆ ವ್ಯಾಪಾರಿಗಳು ಇಲ್ಲಿಗೆ ಬಂದು ನೆಲೆಸಿದ್ದರು. ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿಟಿನ್ 1470ರ ಸುಮಾರಿಗೆ ಇಲ್ಲಿದ್ದು, ಸುಲ್ತಾನನ ವೈಭವವನ್ನೂ ಸಾಮಾನ್ಯರ ಬಡತನವನ್ನೂ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟ.

ಬೀದರಿನ ಸ್ಮಾರಕಗಳ ಪಟ್ಟಿ ದೊಡ್ಡದು. ಕೋಟೆ, ಮದರಸಾ, ಗೋರಿಗಳು, ಗುರುದ್ವಾರ, ಗುಹಾ ದೇಗುಲ, ನೆಲದಡಿಯ ಕಾಲುವೆ, ಬಿದರಿ ಕಲೆ ಎಲ್ಲವೂ ಅದರಲ್ಲಿವೆ. ಬಿಡಿಬಿಡಿಯಾಗಿ ನೋಡಿದರೆ ಇವುಗಳ ನಡುವೆ ಸಂಬಂಧ ಕಾಣುವುದಿಲ್ಲ. ಊರು ಕೂತಿರುವ ನೆಲವನ್ನು ಮೊದಲು ಅರಿತರೆ ಸಂಬಂಧ ತಾನಾಗಿ ತಿಳಿಯುತ್ತದೆ. ಆದ್ದರಿಂದ ಬೀದರ್ ನೋಡುವ ಕೆಲಸ ಅದರ ಕಲ್ಲಿನಿಂದ ಶುರುವಾಗಬೇಕು.

ಊರನ್ನು ಹೊತ್ತ ಕಲ್ಲು

ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಚಪ್ಪಟೆ ಪ್ರಸ್ಥಭೂಮಿಯ ಅಂಚಿನಲ್ಲಿ ಬೀದರ್ ಇದೆ. ಈ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ಕೋಟಿಗಟ್ಟಲೆ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ ಬಿಸಿಲು ಮಳೆಗೆ ದೀರ್ಘಕಾಲ ಒಡ್ಡಿಕೊಂಡಾಗ, ಕರಗುವ ಅಂಶಗಳು ನೀರಿನೊಂದಿಗೆ ಕೊಚ್ಚಿಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದವು. ಹಾಗೆ ಉಂಟಾದದ್ದು ಈ ಕೆಂಪು ಕಲ್ಲು. ಕೆಲವೆಡೆ ಇದರ ದಪ್ಪ ನೂರು ಅಡಿಗೂ ಹೆಚ್ಚು. ಅದರ ಕೆಳಗೆ ಗಟ್ಟಿ ಬಸಾಲ್ಟ್ ಇದೆ. ಪ್ರಸ್ಥಭೂಮಿಯ ಮೇಲೆ ಮಣ್ಣು ಕೆಂಪು. ಅಂಚಿನಿಂದ ಕೆಳಗಿಳಿದು ಮಾಂಜ್ರಾ ನದಿಯ ಬಯಲಿಗೆ ಹೋದರೆ ಎರೆಭೂಮಿ. ತೊಗರಿ, ಹೆಸರು, ಉದ್ದು, ಜೋಳ, ಕಬ್ಬು ಬೆಳೆಯುವ ಹೊಲಗಳು ಅಲ್ಲಿವೆ.

ಜಂಬಿಟ್ಟಿಗೆಗೆ ಎರಡು ಗುಣಗಳಿವೆ. ನೆಲದಿಂದ ತೆಗೆಯುವಾಗ ಅದು ಮೆತ್ತಗಿರುತ್ತದೆ, ಕೊಡಲಿಯಿಂದಲೂ ಕಡಿಯಬಹುದು. ಗಾಳಿಗೆ ಒಡ್ಡಿದ ಮೇಲೆ ಬರಬರುತ್ತ ಗಟ್ಟಿಯಾಗುತ್ತದೆ. ಇದು ಮೊದಲನೆಯದು. ಎರಡನೆಯದು, ಅದರ ಮೈತುಂಬ ಸಣ್ಣ ರಂಧ್ರಗಳಿದ್ದು, ಬಿದ್ದ ಮಳೆಯನ್ನು ಸ್ಪಂಜಿನಂತೆ ಒಳಗೆಳೆದುಕೊಳ್ಳುತ್ತದೆ. ಇಂಗಿದ ನೀರು ಕೆಳಗಿನ ಬಸಾಲ್ಟ್ ಪದರವನ್ನು ತಲುಪಿದಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿಯುತ್ತದೆ. ಎರಡು ಕಲ್ಲುಗಳು ಸೇರುವ ಗೆರೆ ಎಲ್ಲೆಲ್ಲಿ ಪ್ರಸ್ಥಭೂಮಿಯ ಅಂಚಿನಲ್ಲಿ ಬಯಲಾಗಿದೆಯೋ ಅಲ್ಲಲ್ಲಿ ಒರತೆಯಾಗಿ ಚಿಮ್ಮುತ್ತದೆ. ಬೀದರಿನ ಕೋಟೆಗೆ ಆಧಾರವಾದದ್ದು ಮೊದಲ ಗುಣ. ಊರಿಗೂ ಅದರ ತೀರ್ಥಕ್ಷೇತ್ರಗಳಿಗೂ ನೀರು ಕೊಟ್ಟದ್ದು ಎರಡನೆಯ ಗುಣ.

ಕಡಿದು ಮಾಡಿದ ಕೋಟೆ

ಬೀದರ್ ಬಹಮನಿಗಳಿಗಿಂತ ಹಳೆಯ ಊರು. ಕಲ್ಯಾಣದ ಚಾಲುಕ್ಯರ ನಾಡಿಗೆ ಸೇರಿದ್ದ ಈ ಪ್ರದೇಶ ಆಮೇಲೆ ಕಾಕತೀಯರ ಕೈಯಲ್ಲಿತ್ತು. 1320ರ ದಶಕದಲ್ಲಿ ದಿಲ್ಲಿಯ ತುಘಲಕರು ಇದನ್ನು ಗೆದ್ದುಕೊಂಡರು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ರಾಜಧಾನಿ ಕಲಬುರಗಿ. 1422ರಲ್ಲಿ ಪಟ್ಟಕ್ಕೆ ಬಂದ ಒಂದನೇ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಬದಲಿಸಿ, 1432ರ ಹೊತ್ತಿಗೆ ಇಲ್ಲಿನ ಹಳೆಯ ಕೋಟೆಯನ್ನು ಹೊಸದಾಗಿ ಕಟ್ಟಿಸಿದ. ಎತ್ತರದ ಜಾಗ, ತಂಪು ಹವೆ, ಬತ್ತದ ನೀರು, ಮೂರು ಭಾಷೆಗಳ ನಾಡುಗಳು ಸೇರುವ ನಡುನೆಲೆ ಎಲ್ಲವೂ ಈ ಆಯ್ಕೆಯ ಹಿಂದಿದ್ದವು.

ಕೋಟೆಯ ಕಂದಕ ಜಂಬಿಟ್ಟಿಗೆಯ ಕೆಲಸಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಅಗೆದು ಕಲ್ಲಿನಿಂದ ಕಟ್ಟಿದ್ದಲ್ಲ, ಇಡೀ ಬಂಡೆಯಲ್ಲೇ ಕಡಿದದ್ದು. ಊರಿನ ಕಡೆಗೆ, ಅಂದರೆ ದಾಳಿಯ ಭಯ ಹೆಚ್ಚಿದ್ದ ಕಡೆಗೆ, ಕಂದಕ ಮೂರು ಸಾಲಾಗಿದೆ. ಸಾಲುಗಳ ನಡುವೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟಿದ್ದಾರೆ. ಕಂದಕದಿಂದ ತೆಗೆದ ಕಲ್ಲೇ ಮೇಲಿನ ಗೋಡೆಗಳಿಗೆ ಒದಗಿತು. ಪ್ರಸ್ಥಭೂಮಿಯ ಕಡಿದಾದ ಅಂಚು ಉತ್ತರ ಮತ್ತು ಪೂರ್ವದಲ್ಲಿ ತಾನೇ ರಕ್ಷಣೆಯಾಗಿರುವುದರಿಂದ ಆ ಕಡೆ ಕಂದಕದ ಅಗತ್ಯ ಬೀಳಲಿಲ್ಲ. ಗೋಡೆಯುದ್ದಕ್ಕೂ 37 ಬುರುಜುಗಳಿವೆ. ಕೆಲವುಗಳ ಮೇಲೆ ದೊಡ್ಡ ಫಿರಂಗಿಗಳು ಇಂದಿಗೂ ಉಳಿದಿವೆ.

ಎರಡು ಹುಲಿಗಳ ಉಬ್ಬುಶಿಲ್ಪವಿರುವ ಶರ್ಜಾ ದರವಾಜಾ ಮತ್ತು ಗುಂಬಜ್ ದರವಾಜಾಗಳನ್ನು ದಾಟಿ ಒಳಗೆ ಹೋದರೆ ಮೊದಲು ಸಿಗುವುದು ರಂಗೀನ್ ಮಹಲ್. ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳಲ್ಲಿ ಅಲಿ ಬರೀದ್ (ಆಳ್ವಿಕೆ 1542-1580) ಇದನ್ನು ಅಲಂಕರಿಸಿದ. ಹೊರಗಿನಿಂದ ಸಾಧಾರಣವಾಗಿ ಕಾಣುವ ಈ ಕಟ್ಟಡದ ಒಳಗೆ ಮರದ ಕಂಬಗಳ ಮೇಲೆ ನವುರಾದ ಕೆತ್ತನೆಯಿದೆ, ಗೋಡೆಗಳಲ್ಲಿ ಬಣ್ಣದ ಮೆರುಗು ಬಿಲ್ಲೆಗಳಿವೆ. ಒಳಕೋಣೆಯ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ ಕೆಲಸವಿದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಬಳ್ಳಿ ಹೂಗಳನ್ನು ಮೂಡಿಸುವ ಈ ಅಭಿರುಚಿಯೇ ಬಿದರಿ ಪಾತ್ರೆಗಳಲ್ಲೂ ಕಾಣುತ್ತದೆ.

ಮುಂದೆ ಸಿಗುವ ಸೋಲಾ ಖಂಬಾ ಮಸೀದಿ ದಖ್ಖನಿನ ಹಳೆಯ ಮಸೀದಿಗಳಲ್ಲಿ ಒಂದು. ಅದರ ಸಾಲುಸಾಲು ದಪ್ಪ ಕಂಬಗಳಿಗೆ ಅಲಂಕಾರ ಬಹಳ ಕಡಿಮೆ. ಕಟ್ಟಡದ ಗಾಂಭೀರ್ಯವೇ ಅದರ ಚೆಲುವು. ಗಗನ ಮಹಲ್ ಮತ್ತು ತರ್ಕಶ್ ಮಹಲ್ ದಾಟಿದರೆ ತಖ್ತ್ ಮಹಲ್. ಸುಲ್ತಾನರ ಪಟ್ಟಾಭಿಷೇಕ ನಡೆಯುತ್ತಿದ್ದ ಇಲ್ಲಿನ ಕಮಾನೊಂದರ ಮೂಲೆಯಲ್ಲಿ ಹುಲಿ ಮತ್ತು ಅದರ ಬೆನ್ನ ಹಿಂದೆ ಮೂಡುವ ಸೂರ್ಯನ ಚಿತ್ರವಿದೆ. ಹಳೆಯ ಅರಮನೆಯ ಹಮಾಮ್ (ಸ್ನಾನಗೃಹ) ಇಂದು ಪುರಾತತ್ವ ಇಲಾಖೆಯ ವಸ್ತು ಸಂಗ್ರಹಾಲಯ. ರಂಗೀನ್ ಮಹಲಿನಂಥ ಕಟ್ಟಡಗಳ ಒಳಭಾಗಕ್ಕೆ ಬೀಗ ಹಾಕಿರುವುದುಂಟು. ಇಲ್ಲಿನ ಸಿಬ್ಬಂದಿಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಕೋಟೆಯನ್ನು ಸಾವಧಾನವಾಗಿ ನೋಡಲು ಅರ್ಧ ದಿನವಾದರೂ ಬೇಕು.

ವಿದ್ಯೆಗೆ ಕಟ್ಟಿದ ಮನೆ

ಕೋಟೆಯಿಂದ ಹಳೆಯ ಊರೊಳಗೆ ನಡೆದುಹೋದರೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಪರ್ಷಿಯಾದ ಗಿಲಾನ್ ಪ್ರಾಂತ್ಯದಿಂದ ಬಂದ ಗವಾನ್ ವ್ಯಾಪಾರಿ, ವಿದ್ವಾಂಸ, ಸೇನಾನಿ ಎಲ್ಲವೂ ಆಗಿದ್ದು, ಕೊನೆಗೆ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ. 1472ರಲ್ಲಿ ಅವನು ಕಟ್ಟಿಸಿ ಮುಗಿಸಿದ ಈ ಮೂರಂತಸ್ತಿನ ವಿದ್ಯಾಸಂಸ್ಥೆಯಲ್ಲಿ ಪಾಠದ ಸಭಾಂಗಣಗಳು, ಗುರುಗಳ ಮತ್ತು ವಿದ್ಯಾರ್ಥಿಗಳ ಕೋಣೆಗಳು, ಮಸೀದಿ, ಸಾವಿರಾರು ಹಸ್ತಪ್ರತಿಗಳ ಗ್ರಂಥಾಲಯ ಇದ್ದವು. ಮಧ್ಯ ಏಷ್ಯಾದ ಸಮರಖಂಡದ ಮಾದರಿಯ ಈ ಕಟ್ಟಡಕ್ಕೆ ಸಾಟಿಯಾದದ್ದು ಭಾರತದಲ್ಲಿ ಸಿಗುವುದು ಅಪರೂಪ. ಮುಂಭಾಗದ ನೀಲಿ, ಹಸಿರು, ಹಳದಿ, ಬಿಳಿ ಬಿಲ್ಲೆಗಳಲ್ಲಿ ಒಂದಷ್ಟು ಇಂದಿಗೂ ಉಳಿದಿವೆ. ಎತ್ತರದ ಮಿನಾರುಗಳಲ್ಲಿ ನಿಂತಿರುವುದು ಒಂದೇ.

ಗವಾನನ ಕೊನೆ ಬಹಮನಿ ರಾಜ್ಯದ ಕೊನೆಯನ್ನೂ ವಿವರಿಸುತ್ತದೆ. ಆಸ್ಥಾನದಲ್ಲಿ ಹೊರನಾಡಿನಿಂದ ಬಂದವರಿಗೂ ದಖ್ಖನಿನವರಿಗೂ ಇದ್ದ ವೈರದಲ್ಲಿ ಅವನ ಮೇಲೆ ದ್ರೋಹದ ಸುಳ್ಳು ಪತ್ರವೊಂದು ಸೃಷ್ಟಿಯಾಯಿತು. ಅದನ್ನು ನಂಬಿದ ಸುಲ್ತಾನ ಮೂರನೇ ಮುಹಮ್ಮದ್ ಶಾ 1481ರಲ್ಲಿ ಅವನನ್ನು ಕೊಲ್ಲಿಸಿದ. ಆಮೇಲೆ ರಾಜ್ಯ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ. ವಿಜಯಪುರ, ಅಹ್ಮದನಗರ, ಗೋಲ್ಕೊಂಡ, ಬೇರಾರ್, ಬೀದರ್ ಎಂದು ಐದಾಗಿ ಒಡೆಯಿತು. 1619ರಲ್ಲಿ ಬೀದರ್ ವಿಜಯಪುರದ ಆದಿಲ್ ಶಾಹಿಗಳ ಪಾಲಾಯಿತು. ಮುಂದೆ ಅದು ಔರಂಗಜೇಬನ ಕೈಗೆ, ಆಮೇಲೆ ಹೈದರಾಬಾದಿನ ನಿಜಾಮರ ಕೈಗೆ ಹೋಯಿತು. ಮೊಗಲರ ಕಾಲದಲ್ಲಿ, 1696ರಲ್ಲಿ, ಸಂಭವಿಸಿದ ಸ್ಫೋಟವೊಂದು ಮದರಸಾದ ಒಂದು ಪಾರ್ಶ್ವವನ್ನೇ ಕೆಡವಿತು. ಗವಾನನ ಸರಳವಾದ ಗೋರಿ ಊರ ಹೊರಗಿನ ಗೋರ್ನಳ್ಳಿಯಲ್ಲಿದೆ.

ಮದರಸಾದ ಹತ್ತಿರದಲ್ಲೇ ನಾಲ್ಕು ಬೀದಿಗಳು ಕೂಡುವಲ್ಲಿ ಚೌಬಾರಾ ಇದೆ. 71 ಅಡಿ ಎತ್ತರದ ಈ ದುಂಡು ಗೋಪುರ ಊರಿನ ಕಾವಲಿಗಾಗಿ ಇದ್ದದ್ದು. ಇದರ ಸುತ್ತಲಿನ ಪೇಟೆ ಬೀದರಿನ ದಿನನಿತ್ಯದ ಬದುಕನ್ನು ತೋರಿಸುತ್ತದೆ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಇಲ್ಲಿ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಬಹುಮಂದಿ ಎರಡು ಮೂರು ಭಾಷೆ ಬಲ್ಲವರು. ಬೆಂಗಳೂರಿನ ವಾಹನ ದಟ್ಟಣೆಗೆ ಒಗ್ಗಿದವರಿಗೆ ಈ ಪೇಟೆ ಬೀದಿಗಳೂ ನಿಶ್ಶಬ್ದವೆನಿಸುತ್ತವೆ. ಹಗಲಿನಲ್ಲಿ ಕೇಳುವ ದೊಡ್ಡ ಸದ್ದೆಂದರೆ ಇಲ್ಲಿನ ವಾಯುನೆಲೆಯಿಂದ ಹಾರುವ ತರಬೇತಿ ವಿಮಾನಗಳದ್ದು.

ಕಲ್ಲಿನಿಂದ ಬಂದ ನೀರು

ಬಹಮನಿ ಕಾಲದಲ್ಲಿ ಊರಿಗೂ ಕೋಟೆಗೂ ನೀರು ಒದಗಿಸಲು ಪರ್ಷಿಯಾದ ವಿದ್ಯೆಯೊಂದನ್ನು ಬಳಸಲಾಯಿತು. ಅದೇ ಕರೇಜ್, ಊರಿನವರ ಬಾಯಲ್ಲಿ ಸುರಂಗ ಬಾವಿ. ನೀರಿರುವ ಎತ್ತರದ ಜಾಗದಲ್ಲಿ ಒಂದು ತಾಯಿಬಾವಿ ತೋಡಿ, ಅಲ್ಲಿಂದ ತೀರಾ ಸಣ್ಣ ಇಳಿಜಾರಿನಲ್ಲಿ ನೆಲದೊಳಗೆ ಸುರಂಗ ಕೊರೆಯುತ್ತಾರೆ. ಸುರಂಗದ ಮೇಲೆ ಅಲ್ಲಲ್ಲಿ ನೇರ ಬಾವಿಗಳಿರುತ್ತವೆ. ಅಗೆದ ಮಣ್ಣು ಹೊರಹಾಕಲು, ಗಾಳಿ ಬೆಳಕಿಗೆ, ಆಮೇಲೆ ನೀರು ಸೇದಲು ಅವೇ ದಾರಿ. ಎತ್ತುವ ಯಂತ್ರವಿಲ್ಲದೆ, ಬಿಸಿಲಿಗೆ ಆವಿಯಾಗದೆ, ನೀರು ತನ್ನ ಭಾರದಿಂದಲೇ ಹರಿದುಬರುತ್ತದೆ.

ಇರಾನಿನಲ್ಲಿ ಇಂಥ ಸುರಂಗಗಳು ಹೆಚ್ಚಾಗಿ ಬೆಟ್ಟದಡಿಯ ಮೆಕ್ಕಲು ಮಣ್ಣಿನಲ್ಲಿವೆ. ಬೀದರಿನಲ್ಲಿ ಅವನ್ನು ಜಂಬಿಟ್ಟಿಗೆಯಲ್ಲಿ ಕೊರೆಯಲಾಗಿದೆ. ಮೆತ್ತಗಿನ ಕಲ್ಲಾದ್ದರಿಂದ ಕೊರೆಯುವುದು ಸುಲಭವಾಯಿತು. ಗಾಳಿಗೆ ಗಟ್ಟಿಯಾಗುವುದರಿಂದ ಸುರಂಗ ಕುಸಿಯದೆ ನಿಂತಿತು. ನೌಬಾದ್ ಬಳಿಯ ಕರೇಜ್ ಇಲ್ಲಿನವುಗಳಲ್ಲಿ ಹೆಚ್ಚು ಪ್ರಸಿದ್ಧ. ಅದರ ಉದ್ದ ಎರಡು ಕಿ.ಮೀ.ಗೂ ಹೆಚ್ಚು. ಶುಕ್ಲ ತೀರ್ಥ ಮತ್ತು ಜಮ್ನಾ ಮೋರಿ ಎಂಬ ಇನ್ನೆರಡು ವ್ಯವಸ್ಥೆಗಳೂ ಇವೆ. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಅವರ ಕ್ಷೇತ್ರ ಅಧ್ಯಯನದಿಂದ ಈ ಸುರಂಗಗಳ ಜಾಡು ಸ್ಪಷ್ಟವಾಯಿತು. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಬೀದರ್ ನಗರವನ್ನು ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ಆ ದಶಕದಲ್ಲೇ ನೌಬಾದಿನ ಸುರಂಗದ ಹೂಳೆತ್ತುವ ಕೆಲಸ ನಡೆದು, ಶತಮಾನಗಳ ಕಾಲುವೆ ಮತ್ತೆ ಜನರ ಕಣ್ಣಿಗೆ ಬಿತ್ತು.

ಜನ ಕೊರೆದ ಕಡೆಗಳಲ್ಲಷ್ಟೇ ಅಲ್ಲ, ಪ್ರಸ್ಥಭೂಮಿಯ ಅಂಚಿನಲ್ಲಿ ತಾನಾಗಿಯೂ ನೀರು ಬರುತ್ತದೆ. ಅಂಥ ಒಂದೊಂದು ಒರತೆಯ ಬಳಿಯೂ ಒಂದೊಂದು ಪುಣ್ಯಕ್ಷೇತ್ರ ಬೆಳೆದಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದರು, ಅವರು ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಎಂಬುದು ನಾನಕ್ ಝೀರಾ ಸಾಹಿಬ್ ಗುರುದ್ವಾರದ ನಂಬಿಕೆ. ಜಂಬಿಟ್ಟಿಗೆ ಬಂಡೆಯಡಿಯಿಂದ ಹರಿಯುವ ಆ ನೀರನ್ನು ಅಮೃತ ಕುಂಡದಲ್ಲಿ ಹಿಡಿದಿಡಲಾಗುತ್ತದೆ. ಗುರುದ್ವಾರದ ಕಟ್ಟಡ 1948ರದ್ದು. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಐವರು ‘ಪಂಜ್ ಪ್ಯಾರೇ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಪಂಜಾಬಿನಿಂದ ಇಷ್ಟು ದೂರದ ಊರಿನ ಮೇಲೆ ಸಿಖ್ಖರಿಗೆ ಇರುವ ಭಕ್ತಿಗೆ ಇದೂ ಕಾರಣ. ಯಾವ ಜಾತಿ ಮತದವರಿಗೂ ಇಲ್ಲಿ ಲಂಗರಿನ ಊಟ ಉಂಟು.

ಪಾಪನಾಶ ಶಿವಾಲಯದ ಕಲ್ಯಾಣಿಗೂ ಒರತೆಯೇ ಮೂಲ. ಝರಣಿ ನರಸಿಂಹ ಗುಹಾ ದೇವಾಲಯದಲ್ಲಿ ಭಕ್ತರು ಸುಮಾರು 300 ಮೀಟರ್ ಉದ್ದದ ಸುರಂಗದೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುತ್ತಾರೆ. ಮಕ್ಕಳು, ಉಸಿರಾಟದ ತೊಂದರೆಯಿರುವವರು ಅಲ್ಲಿ ಎಚ್ಚರವಾಗಿರಬೇಕು. ನೀರಿನ ಮಟ್ಟ ಮತ್ತು ದರ್ಶನದ ವ್ಯವಸ್ಥೆಯನ್ನು ಮೊದಲೇ ವಿಚಾರಿಸಬೇಕು.

ಅಷ್ಟೂರಿನ ಗೋರಿಗಳು

ಊರಿನಿಂದ ಪೂರ್ವಕ್ಕೆ ಸುಮಾರು ಮೂರು ಕಿ.ಮೀ. ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿವೆ. ದಾರಿಯಲ್ಲಿ ಸಿಗುವ ಎಂಟು ಮೂಲೆಯ ಚೌಖಂಡಿ, ಇರಾನಿನ ಕಿರ್ಮಾನಿನಿಂದ ಬಂದ ಸಂತ ಖಲೀಲುಲ್ಲಾರದ್ದು. ಅದರ ಬಾಗಿಲ ಮೇಲಿನ ಕಪ್ಪು ಕಲ್ಲಿನ ಬರಹ ದಖ್ಖನಿನ ಅಕ್ಷರಕಲೆಯ ಒಳ್ಳೆಯ ಮಾದರಿ. ಅಷ್ಟೂರಿನಲ್ಲಿ ಹುಮಾಯೂನ್ ಶಾನ ಗೋರಿಯ ಗುಮ್ಮಟ ಸಿಡಿಲಿಗೆ ಅರ್ಧ ಕಳಚಿಬಿದ್ದಿದೆ. ಗೋಡೆ ಎಷ್ಟು ದಪ್ಪ, ಗುಮ್ಮಟ ಹೇಗೆ ಬಾಗುತ್ತ ಮೇಲೇರುತ್ತದೆ ಎಂಬುದು ಅಲ್ಲಿ ಸೀಳಿಟ್ಟಂತೆ ಕಾಣುವುದರಿಂದ, ಕಟ್ಟಡ ವಿದ್ಯೆಯಲ್ಲಿ ಆಸಕ್ತಿಯಿರುವವರು ತಪ್ಪದೆ ನೋಡಬೇಕು.

1436ರಲ್ಲಿ ತೀರಿಕೊಂಡ ಒಂದನೇ ಅಹ್ಮದ್ ಶಾ ವಲಿಯ ಗೋರಿಯ ಒಳಗೆ ಚಾವಣಿಯವರೆಗೂ ಚಿನ್ನ ಮತ್ತು ಗಾಢ ಬಣ್ಣಗಳಲ್ಲಿ ಬಳ್ಳಿ, ಹೂ, ಬರಹಗಳಿವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದರೆ ಅವು ಚೆನ್ನಾಗಿ ಕಾಣುತ್ತವೆ. ಹೋಳಿ ಹುಣ್ಣಿಮೆಯ ನಂತರದ ದಿನಗಳಲ್ಲಿ ಇಲ್ಲಿ ನಡೆಯುವ ಉರುಸು ಇನ್ನೂ ದೊಡ್ಡ ವಿಷಯ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಭಕ್ತರೊಂದಿಗೆ ನಡೆದುಬಂದು, ಶಂಖ ಊದಿ, ಗೋರಿಗೆ ಹೂವೇರಿಸುತ್ತಾರೆ. ಮುಸ್ಲಿಮರಿಗೆ ವಲಿ, ಅಂದರೆ ಸಂತನಾದ ಸುಲ್ತಾನನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವಿನೊಂದಿಗೆ ಜೋಡಿಸಿ ನೆನೆಯುತ್ತಾರೆ. ಬಸವಣ್ಣನವರ ಕರ್ಮಭೂಮಿ ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಆ ನೆಲದ ಮಾತು ಸುಲ್ತಾನರ ಗೋರಿಯವರೆಗೂ ತಲುಪಿದೆ ಎಂಬುದಕ್ಕೆ ಈ ಉರುಸು ಪ್ರತಿವರ್ಷದ ಸಾಕ್ಷಿ.

ಕೋಟೆಯ ಮಣ್ಣು, ಬೆಳ್ಳಿಯ ಎಳೆ

ಬೀದರಿನ ಹೆಸರನ್ನು ಜಗತ್ತಿಗೆ ತಲುಪಿಸಿದ್ದು ಬಿದರಿ ಕಲೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕವನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚೂಪು ಮೊನೆಯಿಂದ ಚಿತ್ರ ಬರೆಯುತ್ತಾರೆ. ಗೆರೆಗಳನ್ನು ಉಳಿಯಿಂದ ಕೊರೆದು, ಆ ತೋಡಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸಿ, ಮತ್ತೆ ಉಜ್ಜುತ್ತಾರೆ. ಈ ಹಂತದಲ್ಲಿ ಸತುವೂ ಬೆಳ್ಳಿಯೂ ಒಂದೇ ಬಣ್ಣವಾಗಿ ಕಾಣುವುದರಿಂದ ಚಿತ್ರ ಕಣ್ಣಿಗೆ ಹಿಡಿಯುವುದಿಲ್ಲ.

ಕೊನೆಯ ಹಂತಕ್ಕೆ ಕೋಟೆಯ ಮಣ್ಣು ಬೇಕು. ಹಳೆಯ ಕಟ್ಟಡಗಳೊಳಗೆ ಬಹುಕಾಲ ಬಿಸಿಲು ಮಳೆ ತಾಗದೆ ಉಳಿದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಹಚ್ಚಿದರೆ, ಸತುವಿನ ಮಿಶ್ರಲೋಹ ಶಾಶ್ವತವಾಗಿ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬಿಳುಪಾಗಿಯೇ ಉಳಿಯುತ್ತದೆ. ಮಣ್ಣು ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಹಿರಿಯ ಕುಶಲಕರ್ಮಿಗಳು ನಾಲಿಗೆಗೆ ತಾಗಿಸಿ ಹೇಳುತ್ತಾರೆ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇಲ್ಲಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೆಳ್ಳಿಯ ಬೆಲೆ ಏರುತ್ತಿರುವಾಗ ಈ ಕಸುಬನ್ನು ನಂಬಿದ ಕುಟುಂಬಗಳಿಗೆ ಕೊಳ್ಳುವವರೇ ಆಸರೆ. ಚೌಬಾರಾದ ಸುತ್ತಮುತ್ತ ಕೆಲಸ ನಡೆಯುವ ಅಂಗಡಿಗಳಿವೆ. ಅಲ್ಲಿ ಕೂತು ಕೆಲಸ ನೋಡಿ, ಮಾಡಿದವರ ಕೈಯಿಂದಲೇ ಕೊಳ್ಳಬಹುದು.

ಹೋಗುವುದು, ಉಳಿಯುವುದು

ಬೆಂಗಳೂರಿನವರಿಗೆ ಯಶವಂತಪುರದಿಂದ ಬೀದರಿಗೆ ಹೊರಡುವ ರಾತ್ರಿ ರೈಲು ಅನುಕೂಲ. ಕಲಬುರಗಿವರೆಗೆ ಹೋಗಿ ಅಲ್ಲಿಂದ ಮುಂದುವರಿಯಲೂಬಹುದು. ಕಲಬುರಗಿ-ಬೀದರ್ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ತೆರೆಯಿತು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಊರೊಳಗಿನ ಜಾಗಗಳನ್ನು ನಡೆದೋ ಆಟೊದಲ್ಲೋ ನೋಡಬಹುದು. ಮೊದಲ ದಿನ ಕೋಟೆ, ಮದರಸಾ, ಚೌಬಾರಾ, ಬಿದರಿ ಅಂಗಡಿಗಳು. ಎರಡನೆಯ ದಿನ ಅಷ್ಟೂರು, ನಾನಕ್ ಝೀರಾ, ನೌಬಾದ್ ಕರೇಜ್, ಪಶ್ಚಿಮಕ್ಕಿರುವ ಬರೀದ್ ಶಾಹಿ ಗೋರಿಗಳ ತೋಟ. ಇನ್ನೊಂದು ದಿನ ಸಿಕ್ಕರೆ ಬಸವಕಲ್ಯಾಣ ಮತ್ತು ಹುಮನಾಬಾದ್ ಬಳಿಯ ಜಲಸಂಗಿ. ಜಲಸಂಗಿಯ ಚಾಲುಕ್ಯ ದೇಗುಲದಲ್ಲಿ ಆರನೇ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಿರುವ ಶಿಲಾಬಾಲಿಕೆಯಿದೆ.

ಉಳಿಸಿಕೊಳ್ಳುವ ಬಗೆ

ಸಣ್ಣ ಕೋಟೆಯೂರೊಂದು ತನ್ನ ಹಳೆಯದನ್ನು ಹೇಗೆ ನೋಡಿಕೊಳ್ಳಬಹುದು ಎಂಬುದಕ್ಕೆ ಉತ್ತರ ಜಪಾನಿನ ಹಿರೊಸಾಕಿ ಒಂದು ಮಾದರಿ. ಆವೊಮೊರಿ ಪ್ರಾಂತ್ಯದ ಈ ಊರಿನ ಕೋಟೆ 1611ರಲ್ಲಿ ಪೂರ್ತಿಯಾಯಿತು. ಬೀದರಿಗೆ ಬಿದರಿ ಇರುವಂತೆ ಹಿರೊಸಾಕಿಗೂ ತ್ಸುಗಾರು ಎಂಬ ಅರಗಿನ ಕಲೆಯಿದೆ. ಕೋಟೆಯ ಅಡಿಪಾಯದ ಕಲ್ಲುಗೋಡೆ ಉಬ್ಬತೊಡಗಿದ್ದು ಕಂಡುಬಂದಾಗ, 2015ರಲ್ಲಿ ಮೂರಂತಸ್ತಿನ ಗೋಪುರವನ್ನು ಬಿಚ್ಚದೆ ಇಡಿಯಾಗಿ ಸರಿಸಿ, ಕೆಳಗಿನ ಗೋಡೆಯ ದುರಸ್ತಿಗೆ ಕೈಹಾಕಿದರು. ಕಟ್ಟಡ ಉಳಿಯಬೇಕಾದರೆ ಅದರ ಕೆಳಗಿನದು ಉಳಿಯಬೇಕು ಎಂಬ ತಿಳಿವಳಿಕೆ ಆ ಕೆಲಸದಲ್ಲಿದೆ.

ಬೀದರಿಗೆ ಬೇಕಾದದ್ದೂ ಅದೇ ತಿಳಿವಳಿಕೆ. ಕಲಬುರಗಿ, ವಿಜಯಪುರ, ಹೈದರಾಬಾದುಗಳೊಂದಿಗೆ ಬೀದರಿನ ಸ್ಮಾರಕಗಳೂ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಆದರೆ ಸ್ಮಾರಕದ ಗೋಡೆಗೆ ಮಾತ್ರ ಕಾವಲಿಟ್ಟು, ಮಳೆ ಇಂಗುವ ಪ್ರಸ್ಥಭೂಮಿಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ, ಕರೇಜಿನ ಜಾಡಿನ ಮೇಲೆ ಬಡಾವಣೆ ಎಬ್ಬಿಸಿ ಕೊಳವೆಬಾವಿ ಕೊರೆದರೆ, ಒರತೆಗಳು ಬತ್ತುತ್ತವೆ. ಒರತೆ ಬತ್ತಿದರೆ ಕ್ಷೇತ್ರಗಳೂ ಸೊರಗುತ್ತವೆ. ನಗರ ಬೆಳೆಯಲಿ, ಆದರೆ ನೀರು ಇಂಗುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ಖಾಲಿ ಬಿಟ್ಟು ಬೆಳೆಯಲಿ. ನೋಡಲು ಹೋಗುವವರೂ ತಮ್ಮ ಪಾಲಿನದನ್ನು ಮಾಡಬೇಕು: ಗೋಡೆಯ ಮೇಲೆ ಹೆಸರು ಕೊರೆಯಬಾರದು, ಸುರಂಗ ಬಾವಿಗಳಿಗೆ ಕಸ ಎಸೆಯಬಾರದು, ಒಂದು ರಾತ್ರಿಯಾದರೂ ಊರಿನಲ್ಲೇ ತಂಗಬೇಕು, ಬಿದರಿಯ ಒಂದು ಸಣ್ಣ ವಸ್ತುವನ್ನಾದರೂ ಕಸುಬಿನವರಿಂದ ಕೊಳ್ಳಬೇಕು. ಕರ್ನಾಟಕದ ತುದಿಯ ಈ ಊರು ಕನ್ನಡಿಗರೆಲ್ಲರಿಗೂ ಸೇರಿದ್ದು. ಅದನ್ನು ನೋಡಿ ತಿಳಿದವರು ಹೆಚ್ಚಿದಷ್ಟೂ ಅದು ಉಳಿಯುವ ಭರವಸೆ ಹೆಚ್ಚುತ್ತದೆ.